ಗರಸು ಹತ್ತುವವರೆಗೆ

2025ರ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಬಿಸಿಲು ಏರುವ ಮೊದಲೇ, ಅಕ್ಕ ತಾನೇ ತೋಡಿದ ಬುನಾದಿಯ ಕುಣಿಯೊಳಗೆ ನಿಂತಿದ್ದಳು. ನೆಲದ ಮಟ್ಟ ಅವಳ ಭುಜಕ್ಕೆ ಬರುತ್ತಿತ್ತು. ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ ಗೌಂಡಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬೆರಳಿನಲ್ಲಿ ಹಿಸುಕಿ ನೋಡಿ, "ಇನ್ನಾ ಎರೀನ ಐತಿ ಯಕ್ಕಾ, ಗರಸು ಹತ್ತಿಲ್ಲ. ಇನ್ನೊಂದೂವರಿ ಫೂಟು ಇಳೀಬೇಕು" ಎಂದ. ಎರೆ ಅಂದರೆ ಕಪ್ಪು ಮಣ್ಣು, ಗರಸು ಅಂದರೆ ಅದರಡಿಯ ಗಟ್ಟಿ ಜಲ್ಲಿಮಣ್ಣು. ಅಕ್ಕ ಮಾತನಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಸಲಿಕೆ ಎತ್ತಿಕೊಂಡಳು. ಆ ದಿನದವರೆಗೆ ಅವಳ ಖಾತೆಗೆ ಮನೆಯ ಹೆಸರಿನಲ್ಲಿ ಸರ್ಕಾರದಿಂದ ಒಂದು ರೂಪಾಯಿಯೂ ಬಂದಿರಲಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ಶಾಲೆಗೆ ಹೋಗುವ ದಿನಗಳಿಂದ ನಮ್ಮ ಹೊಲಕ್ಕೆ ಕಳೆ ತೆಗೆಯಲು, ಜೋಳ ಕೀಳಲು ಬರುತ್ತಿದ್ದವಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾನೀಗ ವಿಜಯಪುರದಲ್ಲಿ ಶಿಕ್ಷಕಿಯಾಗಿದ್ದೇನೆ. ವಾರಕ್ಕೊಮ್ಮೆ ಊರಿಗೆ ಹೋದಾಗ ಅವಳ ಕಾಗದಗಳನ್ನು ಓದಿ ಹೇಳುವುದು, ಅರ್ಜಿ ತುಂಬಿಕೊಡುವುದು ನನ್ನ ಪಾಲಿನ ಕೆಲಸವಾಯಿತು. ಆರು ವರ್ಷ ಆ ಕಾಗದಗಳ ಹಿಂದೆ ಓಡಾಡಿದ ಮೇಲೆ ಬಡವರ ಮನೆಯ ಬಗ್ಗೆ ನನಗಿದ್ದ ತಿಳಿವಳಿಕೆಯೇ ಬದಲಾಯಿತು. ಸರ್ಕಾರದ ನೆರವು ಗೋಡೆಯ ಹೊತ್ತಿಗೆ ಬರುತ್ತದೆ. ಗೋಡೆಗೂ ಮೊದಲಿನ ಮೂರು ಕೆಲಸಗಳು, ಅಂದರೆ ಜಾಗ ಹೊಂದಿಸುವುದು, ಆ ಜಾಗದ ಉತಾರ (ಹಕ್ಕಿನ ದಾಖಲೆ) ತೆಗೆಸುವುದು, ಬುನಾದಿ ಎಬ್ಬಿಸುವುದು, ಕೈಯಲ್ಲಿ ಏನೂ ಇಲ್ಲದವರೇ ಮಾಡಿಕೊಳ್ಳಬೇಕಾದ ಕೆಲಸಗಳಾಗಿ ಉಳಿದಿವೆ. ಬಹಳಷ್ಟು ಕುಟುಂಬಗಳು ಸೋಲುವುದು ಅಲ್ಲಿಯೇ.

ಮೊದಲು ಮಣ್ಣಿನ ಮಾತು. ನಮ್ಮದು ಡೋಣಿ ನದಿಯ ದಂಡೆಯ ಸೀಮೆ. "ಡೋಣಿ ಹರಿದರೆ ಓಣೆಲ್ಲ ಕಾಳು" ಎಂದು ಹಿರಿಯರು ಹೇಳುತ್ತಿದ್ದ ಎರೆಭೂಮಿ ಇದು. ಮಳೆಗಾಲದ ಹಸಿಯನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಬಿಳಿಜೋಳವನ್ನು ನೀರಾವರಿಯಿಲ್ಲದೆ ಬೆಳೆದು ಕೊಡುವ ಈ ಮಣ್ಣೇ ಮನೆ ಕಟ್ಟುವವರಿಗೆ ಕಷ್ಟ ಕೊಡುತ್ತದೆ. ನೀರು ಕುಡಿದಾಗ ಅದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಬುನಾದಿ ಹಾಕಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಆದ್ದರಿಂದ ಎರೆಯನ್ನು ದಾಟಿ ಗರಸು ಹತ್ತುವವರೆಗೆ ಅಗೆಯಬೇಕು, ಇಲ್ಲವೇ ಎರೆಯನ್ನು ತೆಗೆದುಹಾಕಿ ಹೊರಗಿನಿಂದ ಗರಸು ತಂದು ತುಂಬಿ ಬಡಿಯಬೇಕು. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಮೂರು ಅಡಿಗೆ ಮುಗಿಯುವ ಕೆಲಸ ಅಕ್ಕನ ಜಾಗದಲ್ಲಿ ಆರು ಅಡಿ ದಾಟಿತು. ಕಲ್ಲು, ಸಿಮೆಂಟು, ಉಸುಕು, ಗೌಂಡಿಯ ಪಗಾರ, ಎಲ್ಲವೂ ಅದೇ ಪ್ರಮಾಣದಲ್ಲಿ ಏರಿದವು.

ಯೋಜನೆಗಳ ಲೆಕ್ಕಪತ್ರದಲ್ಲಿ ಎರೆಗೂ ಮಸಾರಿಗೂ ಭೇದವಿಲ್ಲ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ. ರಾಜ್ಯದ ಬಸವ ವಸತಿ ಯೋಜನೆಯಲ್ಲೂ ಸಾಮಾನ್ಯ ವರ್ಗದವರಿಗೆ 1.20 ಲಕ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡದ ಗ್ರಾಮೀಣ ಕುಟುಂಬಗಳಿಗೆ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ 1.75 ಲಕ್ಷ. ಗುಡ್ಡ ಹತ್ತಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿದವರು ನೆಲಕ್ಕೆ ಇಳಿಸುವ ಖರ್ಚನ್ನು ಏಕೆ ಹಿಡಿಯಲಿಲ್ಲವೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಇನ್ನೊಂದು ಸಂಗತಿಯೂ ಇದೆ. ರಾಜ್ಯದ ಯೋಜನೆಗಳಲ್ಲಿ ಹಣ ನಾಲ್ಕು ಹಂತಗಳಲ್ಲಿ ಬರುತ್ತದೆ: ತಳಪಾಯ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಮಟ್ಟ), ಛಾವಣಿ, ಮುಕ್ತಾಯ. ಪ್ರತಿ ಹಂತ ಮುಗಿದ ಮೇಲೆ ಜಿಪಿಎಸ್ ಸಹಿತ ಚಿತ್ರ ತೆಗೆದು ಬೆಂಗಳೂರಿನ ರಾಜೀವ್ ಗಾಂಧಿ ವಸತಿ ನಿಗಮಕ್ಕೆ ಕಳಿಸಿದ ನಂತರವೇ ಕಂತು ಬಿಡುಗಡೆಯಾಗುತ್ತದೆ. ಹಣ ಸೋರಿಹೋಗದಂತೆ ಮಾಡಿದ ಈ ಏರ್ಪಾಡನ್ನು ನಾನು ಗೌರವಿಸುತ್ತೇನೆ. ಅರ್ಧಕ್ಕೆ ನಿಂತ ಮನೆಗಳ ಮೇಲೆ ಪೂರ್ತಿ ಬಿಲ್ಲು ಎತ್ತುತ್ತಿದ್ದ ಕಾಲವನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಎರೆಭೂಮಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಹಂತ ತಳಪಾಯವೇ, ಮತ್ತು ಮೊದಲ ಕಂತು ಬರುವುದು ಆ ತಳಪಾಯ ಮುಗಿದ ನಂತರ.

ಗೌಂಡಿ ಹೇಳಿದ ಲೆಕ್ಕವನ್ನು ನಾನು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೇಂದ್ರದ ಮಾರ್ಗಸೂಚಿ ಹೇಳುವ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಅಷ್ಟೇ ಕಟ್ಟಿದರೂ ಚದರ ಅಡಿಗೆ 1,300 ರೂಪಾಯಿಯಂತೆ ಮೂರೂವರೆ ಲಕ್ಷ. ಬರುವುದು ಎಷ್ಟು? ಯೋಜನೆಯ 1,20,000. ಉದ್ಯೋಗ ಖಾತ್ರಿಯಿಂದ ಸ್ವಂತ ಮನೆಯ ಕೆಲಸಕ್ಕೆ 90 ದಿನದ ಕೂಲಿ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿಯಾದ್ದರಿಂದ 33,300. ಶೌಚಾಲಯಕ್ಕೆ ಸ್ವಚ್ಛ ಭಾರತದ 12,000. ಎಲ್ಲ ಕೂಡಿಸಿದರೆ 1,65,300. ಉಳಿದ 1,84,700 ರೂಪಾಯಿಯ ಮುಂದೆ ನಾನು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅಕ್ಕ ಅದನ್ನು ನೋಡಿ, "ಇದೇನ ತಂಗಿ, ಕುಡಗೋಲ ಬರದಿ?" ಎಂದಳು. ಅಕ್ಷರ ಬಾರದ ಅವಳಿಗೆ ಆ ಚಿಹ್ನೆ ಕುಡಗೋಲಿನಂತೆಯೇ ಕಂಡಿತ್ತು.

ಇಷ್ಟೆಲ್ಲ ಆಗುವುದು ಪಟ್ಟಿಯಲ್ಲಿ ಹೆಸರು ಬಂದ ಮೇಲೆ. ಅಕ್ಕನ ಹೆಸರು ಅನೇಕ ವರ್ಷ ಬರಲೇ ಇಲ್ಲ. ಕೇಂದ್ರದ ಯೋಜನೆ 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆಯ ಪಟ್ಟಿಯಿಂದ ಫಲಾನುಭವಿಗಳನ್ನು ಆರಿಸಿಕೊಂಡಿತು. ಬಿಟ್ಟುಹೋದವರನ್ನು ಸೇರಿಸಲು 2018ರಲ್ಲಿ ಆವಾಸ್ ಪ್ಲಸ್ ಎಂಬ ಇನ್ನೊಂದು ಸಮೀಕ್ಷೆ ಆರಂಭವಾಯಿತು. ಎರಡೂ ಸಲ ಅಕ್ಕ ಊರಲ್ಲಿರಲಿಲ್ಲ. ನಮ್ಮ ಜಿಲ್ಲೆಯಿಂದ ಗೋವಾಕ್ಕೆ, ಪುಣೆಗೆ, ಮುಂಬೈಗೆ ದುಡಿಯಲು ಹೋಗುವವರ ಬಸ್ಸುಗಳು ಸುಗ್ಗಿ ಮುಗಿದ ಮೇಲೆ ತುಂಬಿ ಹೊರಡುತ್ತವೆ. ಆಕೆಯೂ ಗಂಡನೊಂದಿಗೆ ಮಡಗಾಂವದ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಬೇರೆಯವರ ಮನೆಗೆ ಇಟ್ಟಿಗೆ ಹೊರುತ್ತಿದ್ದ ದಿನಗಳಲ್ಲಿ ತನ್ನ ಮನೆಯನ್ನು ಎಣಿಸಲು ಬಂದವರು ಬೀಗ ನೋಡಿ ಹಿಂದಿರುಗಿದರು. ದುಡಿಯಲು ಊರು ಬಿಡಬೇಕಾದ ಕುಟುಂಬವೇ ಮನೆಯ ಅಗತ್ಯ ಹೆಚ್ಚಿರುವ ಕುಟುಂಬ. ಸಮೀಕ್ಷೆಯ ತಿಂಗಳನ್ನು ಗೊತ್ತುಮಾಡುವವರು ಗುಳೆಯ ತಿಂಗಳನ್ನು ಕೇಳಿಕೊಂಡು ಗೊತ್ತುಮಾಡಬೇಕು.

ಗೋವಾದಲ್ಲಿ ಕೂಡಿಟ್ಟ ಅರವತ್ತು ಸಾವಿರ ರೂಪಾಯಿಯಲ್ಲಿ ಅಕ್ಕ ಮತ್ತು ಅವಳ ಗಂಡ ಊರ ಹೊರಗೆ ಅರ್ಧ ಗುಂಟೆ ಜಾಗ ತೆಗೆದುಕೊಂಡರು. ತೆಗೆದುಕೊಂಡದ್ದು ಬಾಂಡ್ ಪೇಪರಿನ ಮೇಲೆ. ಬರೆದುಕೊಟ್ಟವನ ಸಹಿ, ಇಬ್ಬರು ಸಾಕ್ಷಿದಾರರ ಹೆಬ್ಬೆಟ್ಟು, ಮೇಲೆ ಸರ್ಕಾರದ ಮುದ್ರೆ. ಆ ಮುದ್ರೆಯನ್ನು ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಆದರೆ ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗದ ಹೊರತು ಸಿಂಧುವಾಗದೆಂದು ಕಾನೂನು ಹೇಳುತ್ತದೆ. ಅದು ಬೇಸಾಯದ ಹೊಲ, ಎನ್ಎ ಆಗಿರಲಿಲ್ಲ, ಅಂದರೆ ವಸತಿಗೆಂದು ಭೂಪರಿವರ್ತನೆಯಾಗಿರಲಿಲ್ಲ. ಅದರಲ್ಲಿ ಅರ್ಧ ಗುಂಟೆಯನ್ನು ಬೇರೆ ಮಾಡಿ ಪಂಚಾಯಿತಿಯಲ್ಲಿ ದಾಖಲಿಸಲು ದಾರಿಯಿರಲಿಲ್ಲ. 2013ರಲ್ಲಿ ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತು ಬಂದ ಮೇಲೆ ಗ್ರಾಮಠಾಣಾದ, ಅಂದರೆ ಊರೊಳಗಿನ ಹಳೆಯ ವಸತಿ ಜಾಗದ, ಆಸ್ತಿಗೂ ಭೂಪರಿವರ್ತನೆಯಾದ ನಿವೇಶನಕ್ಕೂ ನಮೂನೆ 9 ಮತ್ತು 11ಎ ಎಂಬ ಉತಾರಗಳು ಸಿಗುತ್ತಿದ್ದವು. ಹೊಲದ ತುಂಡಿಗೆ ಅವು ಸಿಗುತ್ತಿರಲಿಲ್ಲ. ಉತಾರ ಇಲ್ಲದ ಜಾಗಕ್ಕೆ ಮನೆ ಮಂಜೂರಾಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಹಣ ಇಸಿದುಕೊಂಡವನು ಹಿಂದಿರುಗಿಸಲಿಲ್ಲ. ಅಕ್ಕ ಆ ಕಾಗದವನ್ನು ಇಂದಿಗೂ ಹರಿದುಹಾಕಿಲ್ಲ.

ಉಳಿದದ್ದು ಮಾವ ಕಟ್ಟಿಸಿದ ಹಳೆಯ ಮನೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಬಿಸಿಲಿನಲ್ಲೂ ಒಳಗೆ ತಂಪಿರುತ್ತಿತ್ತೆಂಬುದನ್ನು ನಾನೇ ಬಲ್ಲೆ. ಆದರೆ ಪ್ರತಿ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿ ತುಳಿಯುವ ಜನ ಮನೆಯಲ್ಲಿರಬೇಕು. ಜನ ಗೋವಾದಲ್ಲಿದ್ದರೆ ಮಾಳಿಗೆ ಸೋರುತ್ತದೆ, ಜಂತಿಗೆ ಗೆದ್ದಲು ಹತ್ತುತ್ತದೆ. 2019ರ ಮಳೆಯಲ್ಲಿ ಹಿಂದಿನ ಗೋಡೆ ಕುಸಿಯಿತು. ಅದೇ ಆಗಸ್ಟಿನಲ್ಲಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಊರೂರನ್ನೇ ಮುಳುಗಿಸಿದ್ದರು, ಪೂರ್ಣ ಬಿದ್ದ ಮನೆಗೆ ಐದು ಲಕ್ಷ ರೂಪಾಯಿಯ ಪರಿಹಾರ ಘೋಷಣೆಯಾಗಿತ್ತು. ಅಕ್ಕನ ಮನೆಯ ಒಂದೇ ಗೋಡೆ ಬಿದ್ದಿತ್ತು, ಮತ್ತು ಆ ಮನೆಯ ಉತಾರ 1998ರಲ್ಲಿ ತೀರಿಕೊಂಡ ಮಾವನ ಹೆಸರಿನಲ್ಲಿತ್ತು. ಬಿದ್ದ ಕಡೆ ಪತ್ರಾಸು (ತಗಡು) ಆನಿಸಿ ಆರು ವರ್ಷ ಕಳೆದರು.

ಮಾವನ ಹೆಸರು ತೆಗೆದು ವಾರಸಾ ಮಾಡಿಸಲು ಮರಣ ಪ್ರಮಾಣಪತ್ರ ಬೇಕು. ಆತ ತೀರಿಕೊಂಡಾಗ ಯಾರೂ ನೋಂದಾಯಿಸಿರಲಿಲ್ಲ. ವರ್ಷ ಮೀರಿದ ಮರಣವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ವಕೀಲರ ಫೀಸು, ಸಾಕ್ಷಿಗೆ ಬಂದವರ ಒಂದು ದಿನದ ಕೂಲಿ, ತಾಲ್ಲೂಕಿಗೆ ಹೋಗಿಬರುವ ಬಸ್ಸಿನ ಖರ್ಚು. ನನ್ನ ನೋಟುಬುಕ್ಕಿನ ಮೊದಲ ಎರಡು ಪುಟಗಳು ಹೀಗೆಯೇ ತುಂಬಿವೆ. ನಂತರ ನಾಡಕಚೇರಿಯಲ್ಲಿ ವಂಶಾವಳಿ. ಈ ನಡುವೆ ಸ್ವಾಮಿತ್ವ ಯೋಜನೆಯ ಅಳತೆಗಾಗಿ ಓಣಿಯಲ್ಲಿ ಮನೆಗಳ ಸುತ್ತ ಸುಣ್ಣದ ಗೆರೆ ಎಳೆದರು, ಡ್ರೋನ್ ಹಾರಿಸಿದರು. 2020ರ ಏಪ್ರಿಲ್ 24ರಂದು ದೇಶದಲ್ಲಿ ಆರಂಭವಾದ ಈ ಯೋಜನೆಯ ಮೇಲೆ ನನಗೆ ನಿಜವಾದ ಭರವಸೆಯಿದೆ, ಏಕೆಂದರೆ ಗ್ರಾಮಠಾಣಾದೊಳಗಿನ ಮನೆಗಳ ಗಡಿಯನ್ನು ಅಳೆದು ಕಾಗದಕ್ಕೆ ಇಳಿಸುವ ಕೆಲಸ ತಲೆಮಾರುಗಳಿಂದ ಆಗಿರಲಿಲ್ಲ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ಗೋಡೆ ಕಾಣುತ್ತದೆ. ಆ ಗೋಡೆಯೊಳಗೆ ಎಷ್ಟು ಜನರ ಪಾಲಿದೆಯೆಂಬುದು ಕಾಣುವುದಿಲ್ಲ.

ಪಾಲುದಾರರು ನಾಲ್ವರು: ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ. ಮಾವನ ಸ್ವಂತ ಗಳಿಕೆಯ ಮನೆಯಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೂ ಗಂಡುಮಕ್ಕಳಷ್ಟೇ ಹಕ್ಕು. 600 ಚದರ ಅಡಿಯನ್ನು ನಾಲ್ಕು ಭಾಗ ಮಾಡಿದರೆ ತಲಾ 150. ಕನಿಷ್ಠ ಅಳತೆಯ ಮನೆ ಯಾರ ಭಾಗದಲ್ಲೂ ಕೂರುವುದಿಲ್ಲ. ಹಿರಿಯ ಅಣ್ಣ ತೊಂಬತ್ತರ ದಶಕದಲ್ಲಿ ಆಶ್ರಯ ಕಾಲೊನಿಯಲ್ಲಿ ಮನೆ ಪಡೆದು ಹೋಗಿದ್ದವರು, ಮುಂದಿನ ದನದ ಕಟ್ಟೆಯ 200 ಚದರ ಅಡಿ ತಮಗಿರಲಿ ಎಂದರು. ಗೋವಾದಲ್ಲೇ ನೆಲೆನಿಂತ ಕಿರಿಯವನು ಬಿಟ್ಟುಕೊಡಲು ಒಪ್ಪಿದ. ಉಳಿದವಳು ತಂಗಿ, ಅಂದರೆ ಅಕ್ಕನ ನಾದಿನಿ.

2023ರ ನಾಗರಪಂಚಮಿಗೆ ಅವಳು ತವರಿಗೆ ಬಂದಿದ್ದಳು. ಹಬ್ಬದ ಉಂಡಿ ಇನ್ನೂ ಡಬ್ಬಿಯಲ್ಲಿರುವಾಗಲೇ ಆಕೆಯನ್ನು ಉಪನೋಂದಣಿ ಕಚೇರಿಗೆ ಕರೆದೊಯ್ಯಲಾಯಿತು. ಹಕ್ಕು ಬಿಡುಗಡೆ ಪತ್ರವನ್ನು ನಾನೇ ಅವಳಿಗೆ ಓದಿ ಹೇಳಿದೆ. ಸಹಿ ಮಾಡುವುದು ಕಡ್ಡಾಯವಲ್ಲವೆಂದೂ ಹೇಳಿದೆ. ಅವಳು ಅತ್ತಿಗೆಯ ಮುಖ ನೋಡಿ, "ಜಾಗಾ ನನಗ್ಯಾಕ ಬೇಕವ್ವಾ. ಪಂಚಮಿಗೆ ಬಂದ್ರ ಕುಂಡ್ರಾಕ ಒಂದ್ ಕಟ್ಟಿ ಇಟ್ಟ ಕಟ್ರಿ ಅಷ್ಟ ಸಾಕು" ಎಂದು ಸಹಿ ಹಾಕಿದಳು. ಅಕ್ಕ ಅತ್ತಳು. ನನಗೆ ಅಂದು ಸಮಾಧಾನವಾಗಲಿಲ್ಲ, ಇಂದಿಗೂ ಆಗಿಲ್ಲ. ಒಬ್ಬ ಬಡ ಹೆಣ್ಣುಮಗಳಿಗೆ ಮನೆಯಾಗಲು ಇನ್ನೊಬ್ಬ ಬಡ ಹೆಣ್ಣುಮಗಳು ತನ್ನ ಪಾಲು ಬಿಡಬೇಕಾಯಿತು. ಊರಿನಲ್ಲಿ ಪಂಚಾಯಿತಿಯ ಕೈಯಲ್ಲಿ ಒಂದು ನಿವೇಶನವಿದ್ದಿದ್ದರೆ ಆ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. 1991-92ರಲ್ಲಿ ಆಶ್ರಯ ಯೋಜನೆ ಬಂದಾಗ ನಮ್ಮೂರಲ್ಲಿ ನಿವೇಶನ ಹಂಚಿದ್ದರು. ಹಿರಿಯ ಅಣ್ಣನ ಮನೆ ಎದ್ದದ್ದು ಅದರಿಂದಲೇ. ಆಮೇಲೆ ಮನೆಗಳ ಗುರಿ ಪ್ರತಿ ಬಾರಿ ಬಂದಿದೆ, ಜಾಗ ಬಂದಿಲ್ಲ.

ಉತಾರ ಕೈಗೆ ಬಂದಾಗ ಅದರಲ್ಲಿ ಅಕ್ಕನ ಗಂಡನ ಹೆಸರಿತ್ತು. ಬಿಡುಗಡೆ ಪತ್ರ ವಾರಸುದಾರನಾದ ಅವನ ಪರವಾಗಿ ಆಗಿದ್ದರಿಂದ ಅದು ಸಹಜ. ರಾಜ್ಯದ ಯೋಜನೆಯಲ್ಲಿ ಮನೆಯ ಮಂಜೂರಾತಿಯಾದದ್ದು ಅಕ್ಕನ ಹೆಸರಿನಲ್ಲಿ, ಏಕೆಂದರೆ ಯೋಜನೆಯ ಮನೆ ಹೆಣ್ಣುಮಕ್ಕಳ ಹೆಸರಿನಲ್ಲಿರಬೇಕೆಂಬ ನಿಯಮವಿದೆ. ಅತ್ಯಂತ ಒಳ್ಳೆಯ ನಿಯಮ. ಆದರೂ ಗೋಡೆ ಅವಳದು, ನೆಲ ಅವನದು ಎಂಬಂತಾಗಿದೆ. ಜಾಗದ ಉತಾರದಲ್ಲಿಯೂ ಹೆಂಡತಿಯ ಹೆಸರು ಸೇರಿಸಲು ಬಡ ಕುಟುಂಬಗಳಿಗೆ ನೋಂದಣಿಯ ಖರ್ಚಿಲ್ಲದ ಒಂದು ದಾರಿ ಮಾಡಿದರೆ ನಿಯಮ ಪೂರ್ತಿಯಾಗುತ್ತದೆ.

ನಮ್ಮೂರಿನಿಂದ ಎರಡು ಕಿಲೋಮೀಟರ್ ದೂರದ ತಾಂಡಾದಲ್ಲಿ ಪಾಲಿನ ತಕರಾರು ಇರಲಿಲ್ಲ, ಏಕೆಂದರೆ ಪಾಲು ಮಾಡಲು ದಾಖಲೆಯೇ ಇರಲಿಲ್ಲ. ತಲೆಮಾರುಗಳಿಂದ ವಾಸವಿದ್ದ ತಾಂಡಾಗಳು, ಹಟ್ಟಿಗಳು ಕಂದಾಯ ಗ್ರಾಮಗಳಾಗಿರದೆ ಸರ್ಕಾರದ ಇಲ್ಲವೇ ಬೇರೆಯವರ ಹೊಲದ ಸರ್ವೆ ನಂಬರಿನಲ್ಲಿ ನಿಂತಿದ್ದವು. ಭೂಕಂದಾಯ ಕಾಯ್ದೆಗೆ 94ಡಿ ಕಲಮು ಸೇರಿದ ಮೇಲೆ ಅಂಥ ನೆಲೆಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ದಾರಿ ತೆರೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಚಾಲನೆ ಕೊಟ್ಟ ಹಂಚಿಕೆಯಲ್ಲಿ ವಿಜಯಪುರ ಸೇರಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳು ಹಕ್ಕುಪತ್ರ ಪಡೆದವು. ಹಕ್ಕುಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ದೇವರ ಜಗಲಿಯ ಮೇಲೆ ಇಟ್ಟ ಒಬ್ಬ ಮುದುಕಿಯನ್ನು ನಾನು ಕಂಡಿದ್ದೇನೆ. ಮನೆಗೆ ಮೊದಲು ಕಾಗದವೆಂಬ ಕ್ರಮದಲ್ಲಿ ಸರ್ಕಾರ ತಾನಾಗಿ ಮುಂದೆ ಬಂದ ಉದಾಹರಣೆ ಅದು. ಗ್ರಾಮಠಾಣಾದೊಳಗೆ ಸತ್ತವರ ಹೆಸರಿನಲ್ಲಿ ಉಳಿದ ಮನೆಗಳಿಗೂ ಅದೇ ಕ್ರಮದಲ್ಲಿ, ಊರಿಗೇ ಬಂದು, ಒಂದೇ ವಾರದಲ್ಲಿ ವಂಶಾವಳಿ, ವಾರಸಾ ಎಲ್ಲ ಮುಗಿಸಿಕೊಡಬಹುದು.

ತಳಪಾಯದ ಹಣ ಎಲ್ಲಿಂದ ಬಂತೆಂಬುದನ್ನು ಬರೆಯಲೇಬೇಕು. ಗೌಂಡಿಯ ಲೆಕ್ಕದಲ್ಲಿ ಅದಕ್ಕೇ 95,000 ಬೇಕಿತ್ತು. ಕೇಂದ್ರದ ಮಾರ್ಗಸೂಚಿಯಲ್ಲಿ 70,000 ರೂಪಾಯಿವರೆಗೆ ಬ್ಯಾಂಕ್ ಸಾಲದ ಮಾತಿದೆ. ಅಕ್ಕ ಕೇಂದ್ರದ ಪಟ್ಟಿಯಲ್ಲಿರಲಿಲ್ಲ. ಅವಳಿಗೆ ತಡಮಾಡದೆ ಸಿಕ್ಕದ್ದು ವಾರದ ಕಂತಿನ ಗುಂಪು ಸಾಲ, 40,000. ಅಂಥ ಸಾಲಗಳ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಷ್ಟೇ ಸುಗ್ರೀವಾಜ್ಞೆ ಹೊರಡಿಸಿತ್ತು. ಮೊದಲ ಸರ್ಕಾರಿ ಕಂತು ಬರುವ ಹೊತ್ತಿಗೆ ಅವಳು ಒಂಬತ್ತು ವಾರದ ಕಂತು ಕಟ್ಟಿದ್ದಳು. ಉಳಿದದ್ದಕ್ಕೆ ಹಣದ ಬದಲು ಜನ ಬಂದರು. ಹಳೆಯ ಗೋಡೆಯ ಕಲ್ಲುಗಳನ್ನು ಬಿಚ್ಚಿ ಬುನಾದಿಗೆ ಹಾಕಿದರು. ಓಣಿಯ ಆರು ಮನೆಯವರು ಮುಯ್ಯಾಳಾಗಿ ಒಂದೊಂದು ದಿನ ಅಗೆದರು. ಅವರ ಹೊಲದ ಕೆಲಸಕ್ಕೆ ಅಕ್ಕ ಮರಳಿ ಹೋಗಿ ಮುಯ್ಯಿ ತೀರಿಸಬೇಕು. ಜಾಬ್ ಕಾರ್ಡಿನ ಕೂಲಿ ತಡವಾಗಿ ಬಂದರೂ ಬಂತು. ಏಳೂವರೆ ಅಡಿಯಲ್ಲಿ ಗರಸು ಹತ್ತಿದ ದಿನ ಗೌಂಡಿ ಕುಣಿಯೊಳಗೆ ಇಳಿದು, ಹಾರೆಯಿಂದ ಕುಟ್ಟಿ, ಆ ಗಟ್ಟಿ ಸದ್ದನ್ನು ಎಲ್ಲರಿಗೂ ಕೇಳಿಸಿದ.

ಒಬ್ಬ ಬರಹಗಾರ್ತಿಗೆ ಮುಯ್ಯಾಳಿನ ಆ ದೃಶ್ಯ ಬಹಳ ಸುಂದರವಾಗಿ ಕಾಣಬಹುದು. ನನಗೂ ಕಂಡಿತು. ಆದರೆ ಆ ಆರು ಮನೆಗಳಲ್ಲಿ ಮೂವರಿಗೆ ತಮ್ಮದೇ ಸೂರಿಲ್ಲ. ಅವರ ಬೆವರಿನ ಮೇಲೆ ಸರ್ಕಾರದ ಯೋಜನೆಯ ತಳಪಾಯ ನಿಲ್ಲುವುದು ನ್ಯಾಯವೆಂದು ನಾನು ಒಪ್ಪಲಾರೆ. ಮಂಜೂರಾತಿಯೊಂದಿಗೇ ತಳಪಾಯದ ಹಣದ ಅರ್ಧವನ್ನಾದರೂ ಮುಂಗಡ ಕೊಡಬೇಕು. ಎರೆಭೂಮಿಯ ಊರುಗಳಿಗೆ, ಗುಡ್ಡಗಾಡಿಗೆ ಕೊಟ್ಟಂತೆ, ಮೊತ್ತ ಹೆಚ್ಚಿಸಬೇಕು. ಮುಂಗಡ ತೆಗೆದುಕೊಂಡು ಕಟ್ಟದೆ ಬಿಡುವವರೂ ಇರುತ್ತಾರೆಂಬ ಅಂಜಿಕೆ ನಿಜ. ಆದರೆ ತಾನೇ ಅಗೆಯುತ್ತಿರುವ ಕುಣಿಯಲ್ಲಿ ಭುಜದವರೆಗೆ ಇಳಿದು ನಿಂತವಳನ್ನು ಪಂಚಾಯಿತಿಯವರು ಬಂದು ನೋಡಬಹುದಿತ್ತು. ಆ ಹಂತಕ್ಕೂ ಒಂದು ಚಿತ್ರ ತೆಗೆಯಬಹುದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆ ಲಿಂಟಲ್‌ವರೆಗೆ ಬಂತು, ಹಣ ಮುಗಿಯಿತು. ಸ್ಲ್ಯಾಬಿಗೆ ಬೇಕಾದ ಕಬ್ಬಿಣ, ಸಿಮೆಂಟಿಗಾಗಿ ಗಂಡಹೆಂಡತಿ ಮತ್ತೆ ಗೋವಾಕ್ಕೆ ಹೋದರು. ಉತಾರವನ್ನು, ಮಂಜೂರಾತಿ ಪತ್ರವನ್ನು ನಮ್ಮ ಅವ್ವನ ಟ್ರಂಕಿನಲ್ಲಿಟ್ಟು ಹೋದರು. ಅವರ ಮನೆಗೆ ಇನ್ನೂ ಬಾಗಿಲಿಲ್ಲ. ಲಿಂಟಲ್ ಹಂತದ ಚಿತ್ರದಲ್ಲಿ ಫಲಾನುಭವಿಯೂ ನಿಂತಿರಬೇಕೆಂದು ಪಂಚಾಯಿತಿಯಿಂದ ಹೇಳಿಕಳಿಸಿದಾಗ ಅಕ್ಕ ಎರಡು ದಿನದ ಪಗಾರ ಬಿಟ್ಟು, ರಾತ್ರಿ ಬಸ್ಸಿಗೆ ಒಬ್ಬಳೇ ಬಂದಳು. ಮುಖ ತೊಳೆದು, ನನ್ನ ಅವ್ವನಿಂದ ಕುಂಕುಮ ಹಚ್ಚಿಸಿಕೊಂಡು, ಬಾಗಿಲಿರಬೇಕಾದ ಜಾಗದಲ್ಲಿ ಕೈಕಟ್ಟಿ ನಿಂತಳು. ಮೊಬೈಲು ಹಿಡಿದ ಹುಡುಗ ಒಂದು ಹೆಜ್ಜೆ ಮುಂದೆ ಬರಲು ಹೇಳಿದ. ಅವಳು ಬರಲಿಲ್ಲ, ಹೊಸ್ತಿಲ ಕಲ್ಲಿನ ಮೇಲೆಯೇ ನಿಂತಿದ್ದಳು. ಚಿತ್ರ ಹೋದದ್ದನ್ನು ಖಚಿತಮಾಡಿಕೊಂಡು, ಹಿತ್ತಲ ಗೋಡೆಗೆ ಎರಡು ಕೊಡ ನೀರು ಹೊಡೆದು, ನಾದಿನಿಗಾಗಿ ಕಟ್ಟೆ ಎಲ್ಲಿ ಬರಬೇಕೆಂದು ಗೌಂಡಿಗೆ ಕಾಲಿನಿಂದ ಗೆರೆ ಎಳೆದು ತೋರಿಸಿ, ಸಂಜೆಯ ಬಸ್ಸಿಗೆ ಮಡಗಾಂವಕ್ಕೆ ಹೊರಟಳು.